ಮೊಂಡುಗೈ ಕಾಸ್ಟ್ರೋ ಊರಲ್ಲಿ ಒಂದು ಮಧ್ಯಾಹ್ನ

ಬ್ಯೂನಸ್ ಐರಿಸ್‌ನಲ್ಲಿ ಮೂರು ದಿನ ಏನ್ ಮಾಡ್ದೆ ಅಂತ ಬರೆಯಲ್ಲ, ಎಲ್ರೂ ನೋಡೋದನ್ನೇ ನಾನೂ ನೋಡ್ದೆ. ಅಲ್ಲಿಂದ ಫೆರ್ರಿ ಹತ್ತಿ ಉರುಗ್ವೆಯ ಮಾಂಟೆವಿಡಿಯೊಗೆ ಹೋಗಿದ್ದು ಸೆಂಟೆನಾರಿಯೊ ಸ್ಟೇಡಿಯಂ ನೋಡೋಕೆ, 1930ರ ಮೊಟ್ಟಮೊದಲ ಫುಟ್‌ಬಾಲ್ ವರ್ಲ್ಡ್ ಕಪ್ ಫೈನಲ್ ಆಗಿದ್ದು ಅಲ್ಲೇ. ಜುಲೈನಲ್ಲಿ ಹೋಗೋರು ದಯವಿಟ್ಟು ಸ್ವೆಟರ್ ತಗೊಂಡು ಹೋಗಿ. ನಾನು ಸೌತ್ ಅಮೆರಿಕ ಅಂದ್ರೆ ಸೆಕೆ ಅಂದ್ಕೊಂಡು ಬರೀ ಕಾಟನ್ ಶರ್ಟ್ ತುಂಬ್ಕೊಂಡು ಹೋಗಿದ್ದೆ, ಆ ಗಾಳಿಗೆ ಹಲ್ಲು ಕಟಕಟ, ಕೊನೆಗೆ ಫುಟ್‌ಪಾತಲ್ಲಿ ಸಿಕ್ಕಿದ ಮಫ್ಲರಿಗೆ ಅವನು ಹೇಳಿದಷ್ಟು ಕೊಟ್ಟೆ, ಈಗಲೂ ಹೊಟ್ಟೆ ಉರಿಯುತ್ತೆ.

ಸ್ಟೇಡಿಯಂ ಹೊರಗಿಂದ ನೋಡಿದ್ರೆ ಅಂಥಾ ಚಂದ ಏನಿಲ್ಲ, ಹಳೇ ಕಾಂಕ್ರೀಟು. ಟೂರ್ನಮೆಂಟ್ 13ನೇ ತಾರೀಕೇ ಶುರುವಾದ್ರೂ ಇದು ರೆಡಿ ಇರ್ಲಿಲ್ಲ, ಮದುವೆ ದಿನ ಬಂದ್ರೂ ಚಪ್ಪರ ಮುಗಿದಿಲ್ಲ ಅನ್ನೋ ಕಥೆ. ಜುಲೈ 18ಕ್ಕೆ ಅವರ ಸಂವಿಧಾನಕ್ಕೆ ನೂರು ವರ್ಷ, ಅವತ್ತು ಓಪನ್ ಆಯ್ತು. ಉರುಗ್ವೆಗೆ ಎದುರಾಳಿ ಪೆರು, ಗೆದ್ದಿದ್ದು ಉರುಗ್ವೆ, 1-0. ಈ ಗ್ರೌಂಡಿನ ಮೊದಲ ಗೋಲಾದ ಆ ಒಂದು ಗೋಲು ಹೊಡೆದವನು ಹೆಕ್ಟರ್ ಕಾಸ್ಟ್ರೋ. 13ನೇ ವಯಸ್ಸಲ್ಲಿ ಕರೆಂಟ್ ಗರಗಸಕ್ಕೆ ಸಿಕ್ಕಿ ಬಲಗೈ ಮೊಣಕೈ ಕೆಳಗೆ ಹೋಗಿತ್ತು.

ಒಳಗಿರೋ ಮ್ಯೂಸಿಯಂ ನೋಡ್ಕೊಂಡು ಹೊರಗೆ ಬಂದು ಪಾರ್ಕಿನ ಬೆಂಚಲ್ಲಿ ನಡುಗ್ತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜ, ಕಂಕುಳಲ್ಲಿ ಫ್ಲಾಸ್ಕು, ಕೈಯಲ್ಲಿ 'ಮಾತೆ' ಅನ್ನೋ ಅಲ್ಲಿನ ಕಹಿ ಎಲೆ ಟೀ. ಅಲ್ಲಿ ಎಲ್ರೂ ಹೀಗೇ ಓಡಾಡ್ತಾರೆ. (ಮಾತೆ ಕುಡಿದೆ, ಬೇವಿನ ಕಷಾಯಾನೇ ವಾಸಿ.) ಫೋನಲ್ಲಿ ಟ್ರಾನ್ಸ್‌ಲೇಟ್ ಹಾಕ್ಕೊಂಡು ಕಾಸ್ಟ್ರೋ ಅಂದೆ ಅಷ್ಟೇ, ಅಜ್ಜನ ಮುಖ ಅರಳ್ತು. "ಎಲ್ ದಿವಿನೊ ಮಾಂಕೊ!"

ಫೋನು ತೋರಿಸಿದ್ದು 'ದೈವಿಕ ಕೈಯಿಲ್ಲದವನು' ಅಂತ. ನಮ್ಮೂರಲ್ಲಾಗಿದ್ರೆ ಮೊಂಡುಗೈ ಅಂತ ಅಡ್ಡಹೆಸರಿಟ್ಟು ಅಲ್ಲಿಗೇ ಬಿಡ್ತಿದ್ವಿ, ಇವ್ರು ಮೊಂಡುಗೈ ಅಂತಾನೇ ಕರೆದು ಮುಂದೆ ದೇವ್ರನ್ನ ಕೂರಿಸಿದಾರೆ. ಕರುಣೆ ಗಿರುಣೆ ಏನಿಲ್ಲ, ಅಜ್ಜ ಆ ಹೆಸರನ್ನ ಹತ್ತು ಸಲ ಹೇಳಿದ್ರು, ಹತ್ತು ಸಲಾನೂ ಗತ್ತಿನಿಂದ. ಪೆರು ಮ್ಯಾಚ್ ಆದ್ಮೇಲೆ ಅವನನ್ನ ಹೊರಗಿಟ್ರಂತೆ ಹೌದಾ ಅಂದೆ. ಹೌದು, ಅವನ ಜಾಗಕ್ಕೆ ಅನ್ಸೆಲ್ಮೊ ಬಂದ, ಆದ್ರೆ ಫೈನಲ್ ದಿನ ಅನ್ಸೆಲ್ಮೊ ಆಡ್ಲಿಲ್ಲ, ಮತ್ತೆ ಕಾಸ್ಟ್ರೋನೇ. ಹಾಫ್ ಟೈಮಿಗೆ ಅರ್ಜೆಂಟೀನಾ 2-1 ಮುಂದೆ, ಮುಗಿಯೋ ಹೊತ್ತಿಗೆ ಉರುಗ್ವೆ 4-2, ಆ ನಾಲ್ಕನೇದು ಅವನ ಹೆಡರು.

ಗೋಲ್‌ಕೀಪರ್ ಮೇಲೆ ಹಾರುವಾಗ ಆ ಮೊಂಡುಗೈಯಲ್ಲೇ ತಿವೀತಿದ್ದ ಅಂತಾರಲ್ಲ, ನಿಜಾನಾ ಅಂತ ಟೈಪ್ ಮಾಡ್ದೆ. ಅಜ್ಜ ಓದಿದ್ರು, ಉತ್ತರ ಹೇಳ್ಲಿಲ್ಲ, ಆ ಕಡೆ ಈ ಕಡೆ ರೆಫರಿ ಇದಾನಾ ಅನ್ನೋ ಹಾಗೆ ನೋಡಿ ಮೊಣಕೈಯಲ್ಲಿ ನನ್ನ ಪಕ್ಕೆಗೆ ಒಂದು ಕೊಟ್ರು. ಕಂಕುಳಲ್ಲಿದ್ದ ಫ್ಲಾಸ್ಕು ಅಲ್ಲಾಡ್ಲೂ ಇಲ್ಲ.