ಕ್ಯಾಲ್ಕ್ ಗ್ರಾಫಿನ ಎರಡನೇ ಗೆರೆ ಮತ್ತು ನಾಲ್ಕನೇ ಗೆರೆ

ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನಾಲ್ಕು ಕಾಲಂ ಡೇಟಾ ಆರಿಸಿ ಗ್ರಾಫ್ ಹಾಕಿದರೆ ಎರಡನೇ ಗೆರೆಗೆ ಕಿತ್ತಳೆಗೆಂಪು (255, 66, 14), ನಾಲ್ಕನೆಯದಕ್ಕೆ ಹಸಿರು (87, 157, 28) ತಾನಾಗಿಯೇ ಬಂದು ಕೂರುತ್ತದೆ. ಆವರಣದ ಮೂರು ಅಂಕಿಗಳು ಆ ಬಣ್ಣದಲ್ಲಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬುದನ್ನು ಹೇಳುತ್ತವೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಅದೇ ಪುಟವನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ ನೋಡಿ, ಯಾವ ಗೆರೆ ಯಾವುದು ಎಂದು ಹೇಳಲಾಗುವುದಿಲ್ಲ.

ಕಾರಣವನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಕೆಂಪಿನ ಅಂಕಿಯನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿಸಿದರೆ ಆ ಬಣ್ಣ ಬೂದಿಯಲ್ಲಿ ಎಷ್ಟು ತಿಳಿಯಾಗಿ ಕಾಣುತ್ತದೆ ಎಂಬ ಅಂದಾಜು ಸಿಗುತ್ತದೆ: 0 ಎಂದರೆ ಕಪ್ಪು, 255 ಎಂದರೆ ಬಿಳಿ. ಮೇಲಿನ ಎರಡು ಬಣ್ಣಗಳಿಗೆ ಬರುವುದು 117 ಮತ್ತು 121. ಕೆಂಪು–ಹಸಿರು ಗುರುತಿಸಲು ಕಷ್ಟವಿರುವವರಿಗೂ ಇದೇ ಜೋಡಿ ತೊಡಕು. ಮೂರನೆಯ ಹಳದಿಗೆ 204 ಬರುತ್ತದೆ. ಬಿಳಿ ಕಾಗದದ ಮೇಲೆ ತೆಳು ಗೆರೆಯಾಗಿ ಎಳೆದರೆ ಅದು ಇದ್ದೂ ಇಲ್ಲದಂತೆ.

ಬದಲಿ ಬಣ್ಣಗಳನ್ನು ಜಪಾನಿನ ವಿಜ್ಞಾನಿಗಳಾದ ಒಕಾಬೆ ಮತ್ತು ಇತೋ ಬಣ್ಣ ಗುರುತಿಸಲು ಕಷ್ಟವಿರುವವರಿಗೂ ತಿಳಿಯುವಂತೆ ಕೊಟ್ಟ ಎಂಟು ಬಣ್ಣಗಳ ಗುಂಪಿನಿಂದ ಆರಿಸಿಕೊಳ್ಳುವುದು ಒಳ್ಳೆಯದು. ಆದರೆ ಎಂಟನ್ನೂ ಕಣ್ಣುಮುಚ್ಚಿ ತುಂಬಬೇಡಿ. ಅದರಲ್ಲಿನ ಕಿತ್ತಳೆಗೆ 162, ತಿಳಿನೀಲಿಗೆ 158. ಜೆರಾಕ್ಸಿನಲ್ಲಿ ಇವೂ ಒಂದೇ. ಕಪ್ಪು (0, 0, 0), ನೀಲಿ (0, 114, 178), ಇಟ್ಟಿಗೆಗೆಂಪು (213, 94, 0), ತಿಳಿನೀಲಿ (86, 180, 233) ಈ ಕ್ರಮದಲ್ಲಿಟ್ಟರೆ 0, 87, 119, 158 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಾಲ್ಕಕ್ಕಿಂತ ಹೆಚ್ಚು ಗೆರೆಗಳಿದ್ದರೆ ಬಣ್ಣವನ್ನಷ್ಟೇ ನಂಬದೆ ಗೆರೆಯ ಮೇಲಿನ ಬಿಂದುಗಳ ಗುರುತಿನ ಆಕಾರವನ್ನೂ ಬದಲಿಸಿ. ಇನ್ನು 5, 10, 20 ಮಿ.ಗ್ರಾಂ. ಎಂದು ಒಂದೇ ದ್ರವ್ಯದ ಏರುವ ಪ್ರಮಾಣಗಳಾದರೆ ಬೇರೆ ಬೇರೆ ಬಣ್ಣವೇ ಬೇಡ. ಒಂದೇ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಒಯ್ಯಿರಿ.

ಮೊದಲು ಬಣ್ಣಗಳನ್ನು ಉಳಿಸಿಕೊಳ್ಳಬೇಕು. ಯಾವುದಾದರೂ ಬಾರ್ ಗ್ರಾಫಿನ ಒಂದು ಕಂಬದ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಡೇಟಾ ಸೀರೀಸ್‌ನಲ್ಲಿ ಏರಿಯಾ, ಅದರೊಳಗೆ ಕಲರ್. ಮೂರು ಅಂಕಿಗಳನ್ನು ತುಂಬಿ ಆ್ಯಡ್ ಒತ್ತಿ ಹೆಸರು ಕೊಟ್ಟರೆ ಬಣ್ಣ ಕಸ್ಟಮ್ ಪ್ಯಾಲೆಟ್‌ಗೆ ಸೇರುತ್ತದೆ. ಆಮೇಲೆ ಟೂಲ್ಸ್, ಆಪ್ಷನ್ಸ್, ಚಾರ್ಟ್ಸ್, ಡಿಫಾಲ್ಟ್ ಕಲರ್ಸ್‌ಗೆ ಹೋಗಿ. ಪಟ್ಟಿಯಲ್ಲಿ ಮೊದಲ ಸೀರೀಸ್ (ಅಂದರೆ ಮೊದಲ ಗೆರೆ) ಆರಿಸಿ, ಪಕ್ಕದ ಕಸ್ಟಮ್ ಪ್ಯಾಲೆಟ್‌ನಲ್ಲಿ ಕಪ್ಪನ್ನು ಒತ್ತಿ, ಉಳಿದವಕ್ಕೂ ಹೀಗೆಯೇ. ಮೊದಲಿದ್ದ ಹನ್ನೆರಡರಲ್ಲಿ ಬೇಡದವನ್ನು ಡಿಲೀಟ್ ಮಾಡಬಹುದು, ಆದರೆ ನಾಲ್ಕೇ ಉಳಿಸಿದರೆ ಐದನೇ ಗೆರೆಗೆ ಮತ್ತೆ ಕಪ್ಪೇ ಬರುತ್ತದೆ. ಕೈತಪ್ಪಿದರೆ ಡಿಫಾಲ್ಟ್ ಬಟನ್ ಹಳೆಯ ಪಟ್ಟಿಯನ್ನು ತಂದುಕೊಡುತ್ತದೆ.

ಈ ಬದಲಾವಣೆ ಮುಂದೆ ಮಾಡುವ ಗ್ರಾಫ್‌ಗಳಿಗೆ ಮಾತ್ರ. ಹಳೆಯವು ತಮ್ಮ ಬಣ್ಣವನ್ನು ಫೈಲಿನಲ್ಲೇ ಇಟ್ಟುಕೊಂಡಿರುತ್ತವೆ, ಅವನ್ನು ಕೈಯಲ್ಲೇ ತಿದ್ದಬೇಕು ಇಲ್ಲವೇ ಹೊಸದಾಗಿ ಹಾಕಬೇಕು.

ಇದಕ್ಕಿಂತ ಹೆಚ್ಚು ಕಾಡುವುದು ಕಾಲಂಗಳ ಕ್ರಮ. ಡಿಫಾಲ್ಟ್ ಬಣ್ಣಕ್ಕೆ ನಿಮ್ಮ ಮಾದರಿಯ ಹೆಸರು ಗೊತ್ತಿಲ್ಲ, ಅದು ಎಷ್ಟನೆಯದು ಎಂಬುದಷ್ಟೇ ಗೊತ್ತು. ಚಿತ್ರ 1ರಲ್ಲಿ ಕಂಟ್ರೋಲ್ (ಹೋಲಿಕೆಗೆಂದು ಇಟ್ಟ ಮಾದರಿ) ಕಪ್ಪಾಗಿದ್ದು, ಚಿತ್ರ 2ರಲ್ಲಿ ಕಂಟ್ರೋಲ್ ಕಾಲಂ ಬಿಟ್ಟು ಗ್ರಾಫ್ ಹಾಕಿದಿರೋ, ಎಲ್ಲ ಬಣ್ಣಗಳೂ ಒಂದೊಂದು ಮನೆ ಜಾರುತ್ತವೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಓದುಗ ತಪ್ಪು ತೀರ್ಮಾನಕ್ಕೆ ಬಂದರೆ ಅದು ಅವನ ತಪ್ಪಲ್ಲ. ಆದ್ದರಿಂದ ಪ್ರತಿ ಶೀಟಿನಲ್ಲೂ ಕಂಟ್ರೋಲ್ ಮೊದಲು, ಆಮೇಲೆ ಮಾದರಿಗಳು ಒಂದೇ ಕ್ರಮದಲ್ಲಿ. ಅಳತೆ ಇಲ್ಲದ ಕಡೆ ಕಾಲಂ ಖಾಲಿ ಬಿಟ್ಟರೂ ಪರವಾಗಿಲ್ಲ, ತೆಗೆಯಬೇಡಿ.

ಎಕ್ಸೆಲ್ ಬಳಸುವವರಿಗೆ ದಾರಿ ಬೇರೆ: ಪೇಜ್ ಲೇಔಟ್, ಕಲರ್ಸ್, ಕಸ್ಟಮೈಸ್ ಕಲರ್ಸ್. ಗ್ರಾಫಿಗೆ ಬರುವುದು ಅಲ್ಲಿನ ಆಕ್ಸೆಂಟ್ 1ರಿಂದ 6 ಎಂಬ ಆರು ಬಣ್ಣಗಳು. ಇಲ್ಲಿ ಥೀಮ್ (ಇಡೀ ಫೈಲಿನ ಬಣ್ಣಗಳ ಗುಂಪು) ಬದಲಿಸಿದರೆ ಆ ವರ್ಕ್‌ಬುಕ್‌ನಲ್ಲಿ ಕೈಯಿಂದ ಬಣ್ಣ ಹಾಕದ ಹಳೆಯ ಗ್ರಾಫ್‌ಗಳೂ ಬದಲಾಗುತ್ತವೆ. ವರ್ಡ್‌ಗೆ ಪೇಸ್ಟ್ ಮಾಡುವಾಗ ಮಾತ್ರ ಎಚ್ಚರ. ಸುಮ್ಮನೆ ಪೇಸ್ಟ್ ಒತ್ತಿದರೆ ಗ್ರಾಫ್ ವರ್ಡ್ ಫೈಲಿನ ಥೀಮ್ ತೊಟ್ಟುಕೊಂಡು ಹಳೆಯ ಬಣ್ಣಗಳಿಗೇ ಮರಳಬಹುದು. ಪೇಸ್ಟ್ ಆಪ್ಷನ್‌ಗಳಲ್ಲಿ ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್ ಆರಿಸಿ.