ನಾಯಿ ಕೂತಿತು ಅಂತ ಔಷಧಿ ಹೊಡೆಸಬೇಡಿ

ದಸರಾ ಹತ್ತಿರ ಬಂತು ಅಂದರೆ ಮೈಸೂರಿನ ಲಾಡ್ಜುಗಳಲ್ಲಿ ಒಂದೇ ಹಾಸಿಗೆಯ ಮೇಲೆ ವಾರಕ್ಕೆ ಐದಾರು ಜನ ಮಲಗಿ ಎದ್ದು ಹೋಗುತ್ತಾರೆ. ತಿಗಣೆಗೆ ಅಷ್ಟು ಸಾಕು. ಬ್ಯಾಗಿನ ಹೊಲಿಗೆಯಲ್ಲಿ ಕೂತು ಬಂದು ಮಂಚದ ಸಂದಿ ಸೇರಿಕೊಳ್ಳುತ್ತೆ. ಪಿಜಿಗಳದ್ದೂ, ಮಂಡ್ಯದ ಹಾಸ್ಟೆಲುಗಳದ್ದೂ ಇದೇ ಕತೆ, ಅಲ್ಲಿ ಮಾತ್ರ ಜೂನ್-ಜುಲೈನಲ್ಲಿ ಶುರು. ಹೀಗಿರುವಾಗ ವಾಸನೆ ಹಿಡಿದು ತಿಗಣೆ ಇದ್ದ ಕಡೆ ಕೂತು ತೋರಿಸುವ ನಾಯಿ ತರುತ್ತೇವೆ ಅಂತ ಯಾರಾದರೂ ಬಂದರೆ ಕಿವಿ ನೆಟ್ಟಗಾಗೋದು ಸಹಜ. ಆದರೆ ಅಡ್ವಾನ್ಸ್ ಕೊಡುವ ಮುಂಚೆ ನೋಡಬೇಕಾದ್ದು ಬಹಳ ಇದೆ.

ಮೊದಲಿಗೆ, ಎರಡು ರೂಮಿನ ಮನೆಗೆ ನಾಯಿ ಬೇಕಿಲ್ಲ. ಒಂದು ಟಾರ್ಚು, ಹಳೇ ಎಟಿಎಂ ಕಾರ್ಡು, ಒಂದು ಸ್ಕ್ರೂಡ್ರೈವರ್ ಸಾಕು. ಹಾಸಿಗೆ ಅಂಚಿನ ಹೊಲಿಗೆಯಲ್ಲಿ ಕಾರ್ಡು ಎಳೆಯಿರಿ, ಮಂಚದ ತಲೆಹಲಗೆ ಬಿಚ್ಚಿ ಹಿಂದೆ ನೋಡಿ. ಇಂಕು ಚುಕ್ಕೆ ಇಟ್ಟ ಹಾಗೆ ಕಪ್ಪು ಹಿಕ್ಕೆ, ಕಳಚಿದ ಪೊರೆ, ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ ಕಂಡರೆ ಸಂಶಯವೇ ಬೇಡ. ನಾಯಿ ಲಾಭಕ್ಕೆ ಬರೋದು ನಲವತ್ತು, ಐವತ್ತು ರೂಮಿನ ಕಡೆ. ಮನುಷ್ಯ ಒಂದು ರೂಮನ್ನು ಸರಿಯಾಗಿ ತಡಕಿ ನೋಡಲು ಅರ್ಧ ಗಂಟೆ ಬೇಕು. ಒಳ್ಳೆಯ ನಾಯಿ ಎರಡು-ಮೂರು ನಿಮಿಷದಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತೆ.

ಆ "ಒಳ್ಳೆಯ" ಅನ್ನೋದರಲ್ಲೇ ಎಲ್ಲಾ ಇದೆ. 2008ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರು ಹೋಟೆಲ್ ರೂಮುಗಳಲ್ಲಿ ಬಚ್ಚಿಟ್ಟು ನೋಡಿದಾಗ ನಾಯಿಗಳು ಜೀವಂತ ತಿಗಣೆಯನ್ನು ಶೇ. 98ರಷ್ಟು ಸರಿಯಾಗಿ ಹಿಡಿದಿದ್ದವು. ಮಾರಾಟಕ್ಕೆ ಬರುವವರು ಹೇಳೋದು ಈ ಅಂಕಿಯನ್ನೇ. ಆದರೆ 2014ರಲ್ಲಿ ಅಮೆರಿಕದ್ದೇ ರಟ್ಗರ್ಸ್ ವಿಶ್ವವಿದ್ಯಾಲಯದವರು ಜನ ವಾಸವಿದ್ದ ಅಪಾರ್ಟ್‌ಮೆಂಟುಗಳಲ್ಲಿ, ನಾಯಿ ಮತ್ತು ಅದನ್ನು ಹಿಡಿದು ನಡೆಸುವ ಹ್ಯಾಂಡ್ಲರ್ ಸೇರಿದ 11 ತಂಡಗಳನ್ನು ಪರೀಕ್ಷಿಸಿದರು. ತಿಗಣೆ ಇದ್ದ ಮನೆಗಳಲ್ಲಿ ಸರಾಸರಿ ಶೇ. 44 ಮಾತ್ರ ಸಿಕ್ಕಿತು, ಇಲ್ಲದ ಮನೆಗಳಲ್ಲಿ ಶೇ. 15ರಷ್ಟು ಸಲ ನಾಯಿ ಸುಮ್ಮನೆ "ಇದೆ" ಅಂತ ತೋರಿಸಿತು. ತಂಡದ ಅನುಭವಕ್ಕೂ ಸರ್ಟಿಫಿಕೇಟಿಗೂ ಈ ಫಲಿತಾಂಶಕ್ಕೂ ಸಂಬಂಧವೇ ಕಾಣಲಿಲ್ಲ. ಗೋಡೆಗೆ ತೂಗುಹಾಕಿದ ಫ್ರೇಮಿಗೆ ಬೆಲೆ ಕೊಡುವವರು ಈ ಮಾತನ್ನು ನೆನಪಿಡಬೇಕು. ಅಮೆರಿಕದ ಸಂಸ್ಥೆಗಳ ಸರ್ಟಿಫಿಕೇಟು ತೋರಿಸಿದರೆ ಅದರಲ್ಲಿ ನಾಯಿ, ಹ್ಯಾಂಡ್ಲರ್ ಇಬ್ಬರ ಹೆಸರೂ ಇದೆಯಾ ನೋಡಿ. ಪರೀಕ್ಷೆ ಆಗೋದು ಜೋಡಿಗೆ. ಅದೇ ನಾಯಿಯನ್ನು ಬೇರೆ ಹುಡುಗ ಹಿಡಿದು ಬಂದರೆ ಆ ಕಾಗದಕ್ಕೆ ಅರ್ಥವಿಲ್ಲ.

ನಾಯಿ ತಪ್ಪೋದು ಎಷ್ಟೋ ಸಲ ಮೂಗಿನಿಂದ ಅಲ್ಲ, ಹಗ್ಗದ ಆ ತುದಿ ಹಿಡಿದವರಿಂದ. 2011ರಲ್ಲಿ ಪ್ರಕಟವಾದ, ಮಾದಕ ವಸ್ತು ಮತ್ತು ಸ್ಫೋಟಕ ಹುಡುಕುವ 18 ತಂಡಗಳ ಮೇಲಿನ ಒಂದು ಅಧ್ಯಯನದಲ್ಲಿ, ಏನೂ ಬಚ್ಚಿಡದ ಕೋಣೆಗಳಲ್ಲಿ ಕೆಲವು ಕಡೆ ಕೆಂಪು ಕಾಗದ ಅಂಟಿಸಿ, ಅಲ್ಲಿ ವಾಸನೆ ಇದೆ ಅಂತ ಹ್ಯಾಂಡ್ಲರುಗಳಿಗೆ ಹೇಳಿದ್ದರು. ಸಿಕ್ಕಿದೆ, ಸಿಕ್ಕಿದೆ ಅನ್ನುವ ಸುಳ್ಳು ವರದಿಗಳು ಧಾರಾಳವಾಗಿ ಬಂದವು, ಕಾಗದ ಇದ್ದ ಕಡೆ ಇನ್ನೂ ಜಾಸ್ತಿ. ಹ್ಯಾಂಡ್ಲರ್ ಹೆಜ್ಜೆ ನಿಧಾನ ಮಾಡಿದರೂ, ಜೇಬಿನ ತಿಂಡಿ ಕಡೆ ಕೈ ಹೋದರೂ ನಾಯಿ ಅರ್ಥ ಮಾಡಿಕೊಂಡು ಕೂತುಬಿಡುತ್ತೆ. ಹಾಗಾಗಿ "ಹನ್ನೆರಡನೇ ನಂಬರಲ್ಲಿ ತುಂಬಾ ಕಚ್ಚುತ್ತಂತೆ" ಅಂತ ಅವರಿಗೆ ಮೊದಲೇ ಹೇಳಬೇಡಿ. ಮ್ಯಾನೇಜರ್‌ಗಳು ಮಾಡುವ ಮೊದಲ ತಪ್ಪೇ ಇದು.

ಪರೀಕ್ಷೆಯನ್ನು ನೀವೇ ಇಡಿ. ತಿಗಣೆ ಇದೆ ಅಂತ ಖಚಿತವಾದ ಮಂಚದಿಂದ ಐದಾರು ಜೀವಂತ ತಿಗಣೆ ಹಿಡಿದು ಸಣ್ಣ ಸೀಸೆಗೆ ಹಾಕಿ, ಮರಿಯೂ ನುಸುಳದಂಥ ನೈಲಾನ್ ಬಟ್ಟೆ ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿಯಿರಿ. ಇಂಥವು ಮೂರು. ಸತ್ತು ಒಣಗಿದ ತಿಗಣೆ, ಪೊರೆ, ಹಿಕ್ಕೆ ತುಂಬಿದ್ದು ಎರಡು, ಬಟ್ಟೆ ಮಾತ್ರ ಕಟ್ಟಿದ ಖಾಲಿ ಸೀಸೆ ಮೂರು. ತರಬೇತಾದ ನಾಯಿ ಜೀವಂತ ತಿಗಣೆಗೂ ಮರಿಯಾಗಬಲ್ಲ ಮೊಟ್ಟೆಗೂ ಮಾತ್ರ ಕೂರಬೇಕು, ಹಳೇ ಹಿಕ್ಕೆಗೆ ಕೂತರೆ ವಾಸಿಯಾದ ರೂಮಿಗೂ ನೀವು ದುಡ್ಡು ಸುರಿಯುತ್ತಿರುತ್ತೀರಿ. ಎಂಟನ್ನೂ ಹೊಸ ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಇಲ್ಲದಿದ್ದರೆ ನಾಯಿ ನಿಮ್ಮ ಕೈ ವಾಸನೆ ಹಿಡಿದು ಹೋಗುತ್ತೆ. ಸೀಸೆಗಳಿಗೆ ನಂಬರ್ ಬರೆದು, ತಿಗಣೆ ಇಲ್ಲ ಅಂತ ಗೊತ್ತಿರುವ ಎಂಟು ರೂಮುಗಳಲ್ಲಿ ನಾಯಿಗೆ ಎಟುಕುವಷ್ಟು ಕೆಳಗೆ ಬಚ್ಚಿಟ್ಟು, ವಾಸನೆ ಹರಡಲು ಅರ್ಧ ಗಂಟೆ ಬಿಡಿ. ಇಟ್ಟವರು ಆ ಮಹಡಿಯಿಂದಲೇ ಹೋಗಿಬಿಡಬೇಕು. ಹ್ಯಾಂಡ್ಲರ್ ಜತೆ ಓಡಾಡುವವರಿಗೂ ಎಷ್ಟಿವೆ, ಎಲ್ಲಿವೆ ಗೊತ್ತಿರಬಾರದು. ಮುಗಿದ ಮೇಲೆ ಎಂಟೂ ವಾಪಸ್ ಬಂದವಾ ಎಣಿಸಿಕೊಳ್ಳಿ, ಒಂದು ಮರೆತರೆ ನೀವೇ ತಿಗಣೆ ಬಿತ್ತಿದ ಹಾಗೆ.

ಮೂರರಲ್ಲಿ ಮೂರೂ ಹಿಡಿಯಬೇಕು, ಉಳಿದ ಐದು ರೂಮಿನಲ್ಲಿ ಒಂದು ಸಲವೂ ಕೂರಬಾರದು. ಇಷ್ಟಕ್ಕೆ ಒಪ್ಪದವರಿಗೆ ಕಾಫಿ ಕೊಟ್ಟು ಕಳಿಸಿ. ನಮ್ಮ ಸೀಸೆಗಳಲ್ಲೇ ಮಾಡಿ ತೋರಿಸುತ್ತೇವೆ ಅಂದರೂ ಒಪ್ಪಬೇಡಿ. ನಾಯಿಗೆ ದಿನಾ ರೂಢಿಯಾದ ವಾಸನೆ ಅದು. ಅಲ್ಲದೆ ನಮ್ಮ ಉಷ್ಣ ಸೀಮೆಯಲ್ಲಿ ಹೆಚ್ಚಾಗಿರೋದು ಸೈಮೆಕ್ಸ್ ಹೆಮಿಪ್ಟೆರಸ್ ಅನ್ನುವ ಜಾತಿಯ ತಿಗಣೆ, ಪರದೇಶದಲ್ಲಿ ಕಲಿತ ನಾಯಿಗೆ ಉಣಿಸಿರೋದು ಸಾಮಾನ್ಯವಾಗಿ ಸೈಮೆಕ್ಸ್ ಲೆಕ್ಟುಲೇರಿಯಸ್ ಅನ್ನುವ ಇನ್ನೊಂದು ಜಾತಿಯ ವಾಸನೆ. ನಿಮ್ಮ ಮಂಚದ ತಿಗಣೆಯ ಮೇಲೇ ಪರೀಕ್ಷೆ ಆಗಲಿ ಅನ್ನೋದು ಅದಕ್ಕೇ.

ಕೆಲಸದ ದಿನ ಬೆಳಗ್ಗೆ ಬಿಸಿಲು ಏರುವ ಮುಂಚೆ ಶುರು ಮಾಡಿಸಿ. ಹಿಂದಿನ ರಾತ್ರಿಯಿಂದಲೇ ಊದುಬತ್ತಿ, ಸಾಂಬ್ರಾಣಿ, ಫಿನಾಯಿಲ್, ನ್ಯಾಫ್ತಲಿನ್ ಗುಳಿಗೆ ಬೇಡ. (ಮೈಸೂರಲ್ಲಿ ಊದುಬತ್ತಿ ಬೇಡ ಅಂದರೆ ಯಾರು ಕೇಳುತ್ತಾರೆ? ಆದರೂ ಒಂದು ದಿನ ಹೇಳಿ ನೋಡಿ.) ಫ್ಯಾನು, ಎಸಿ ನಿಲ್ಲಿಸಿ. ಗಾಳಿ ಬೀಸಿದರೆ ತಿಗಣೆ ಕಿಟಕಿ ಕಡೆ ಇದ್ದು ನಾಯಿ ಬಾಗಿಲಲ್ಲಿ ಕೂರುತ್ತೆ. ಹಳೇ ಹೆಂಚಿನ ಮನೆಯ ತೊಲೆ, ಅಟ್ಟಗಳಿಗೆ ಅದರ ಮೂಗು ಮುಟ್ಟೋದಿಲ್ಲ, ಅಲ್ಲಿ ಏಣಿ ಹಾಕಿ ಮನುಷ್ಯನೇ ನೋಡಬೇಕು. ಇತ್ತೀಚೆಗೆ ಔಷಧಿ ಹೊಡೆಸಿದ್ದರೆ ಮುಚ್ಚಿಡಬೇಡಿ. ಅದು ನಾಯಿಗೂ ವಿಷ. ಇಪ್ಪತ್ತು-ಮೂವತ್ತು ನಿಮಿಷ ಕೆಲಸ ಮಾಡಿದ ನಾಯಿಗೆ ವಿಶ್ರಾಂತಿ, ನೀರು ಬೇಕು. ಒಂದೇ ನಾಯಿಯಲ್ಲಿ ದಿನಕ್ಕೆ ನೂರು ರೂಮು ಅನ್ನುವವರಿಗೆ ನಾಯಿಯ ಮೇಲೂ ಕರುಣೆ ಇಲ್ಲ, ನಿಮ್ಮ ದುಡ್ಡಿನ ಮೇಲೂ ಇಲ್ಲ.

ದರ ರೂಮಿನ ಲೆಕ್ಕದಲ್ಲಿರಲಿ. ನಾಯಿ ತರುವವರೇ ಔಷಧಿಯನ್ನೂ ಹೊಡೆಯುವವರಾದರೆ, ನಾಯಿ ಕೂತಷ್ಟೂ ಅವರಿಗೆ ಲಾಭ. ಆ ಎರಡು ಕೆಲಸ ಬೇರೆ ಬೇರೆಯವರಿಗೆ ಕೊಡಿ. ವರದಿಯಲ್ಲಿ ರೂಮ್ ನಂಬರ್, ನಾಯಿ ಕೂತ ಜಾಗ, ಕಣ್ಣಿಗೆ ಕಂಡದ್ದು, ಫೋಟೋ ನಾಲ್ಕೂ ಬೇಕು.

ನಾಯಿ ಕೂತು ಏನೂ ಕಾಣದಿದ್ದರೆ? ಮೊದಲು ಅಲ್ಲೇ ಬಿಚ್ಚಿ ನೋಡಿ. ಸ್ವಿಚ್‌ಬೋರ್ಡ್ ಸಂದಿ, ಕ್ಯಾಲೆಂಡರ್ ಹಿಂದೆ, ಸ್ಕ್ರೂ ತೂತು ಯಾವುದನ್ನೂ ಬಿಡಬೇಡಿ. ಆಗಲೂ ಸಿಗದಿದ್ದರೆ ಔಷಧಿ ಬೇಡ, ಬಟ್ಟಲು ಇಡಿ. ಇರುವೆ ಬಾರದಿರಲಿ ಅಂತ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡೋದು ನಮಗೆ ಹೊಸದಲ್ಲ, ಇದು ಅದರ ತಮ್ಮ. ಅಗಲ ಬಾಯಿಯ ನುಣುಪು ಪ್ಲಾಸ್ಟಿಕ್ ಬಟ್ಟಲಿನ ಹೊರಮೈಗೆ ಪೇಪರ್ ಟೇಪ್ ಸುತ್ತಿ, ಒಳಗೆ ಟಾಲ್ಕಮ್ ಪೌಡರ್ ತೆಳ್ಳಗೆ ಸವರಿ, ಮಂಚದ ನಾಲ್ಕೂ ಕಾಲಿಗೆ ಕೊಡಿ. ನಮ್ಮ ಕಡೆಯ ತಿಗಣೆ ನುಣುಪು ಗೋಡೆ ಹತ್ತೋದರಲ್ಲಿ ಜಾಣ, ಅದಕ್ಕೇ ಪೌಡರ್ ಅಳಿಸಿದಂತೆಲ್ಲ ಮತ್ತೆ ಸವರಬೇಕು. ಮಂಚ ಗೋಡೆಗೆ ತಾಗಬಾರದು, ಹೊದಿಕೆ ನೆಲಕ್ಕೆ ಇಳಿಬೀಳಬಾರದು, ಮಂಚದ ಮೇಲೆ ದಿನಾ ಯಾರಾದರೂ ಮಲಗಲೇಬೇಕು. ಟೇಪ್ ಹತ್ತಿ ಬಂದ ತಿಗಣೆ ಬಟ್ಟಲೊಳಗೆ ಬಿದ್ದಿದೆಯಾ ಅಂತ ಎರಡು ವಾರ ನೋಡಿ.

ಔಷಧಿ ಹೊಡೆಸಿದ ಮೇಲೆ ಮತ್ತೆ ನಾಯಿ ಕರೆಸುವುದಾದರೆ ಒಂದು ತಿಂಗಳಾದರೂ ಬಿಡಿ, ಅಷ್ಟರಲ್ಲಿ ಉಳಿದ ಮೊಟ್ಟೆ ಮರಿಯಾಗಿ ಓಡಾಡುತ್ತಿರುತ್ತೆ. ಆಗ ಹಳೇ ವರದಿಯನ್ನು ಹ್ಯಾಂಡ್ಲರ್ ಕೈಗೆ ಕೊಡದೆ ಬೀರುವಿನಲ್ಲೇ ಇಟ್ಟುಕೊಂಡಿರಿ.