ಡೂಪ್ಲಿಕೇಟ್ ಲೈಕಾ

ಕಳೆದ ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ಹೋಟೆಲೊಂದರಲ್ಲಿ, ಕಾಫಿ ಲೋಟಗಳ ನಡುವೆ ಇಟ್ಟಿದ್ದ ನನ್ನ ಹಳೆಯ ಸೋವಿಯತ್ ಫಿಲಂ ಕ್ಯಾಮೆರಾ ಜೋರ್ಕಿ-4 ಅನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ ಯುವಕನೊಬ್ಬ, "ಸರ್, ಇದು ಡೂಪ್ಲಿಕೇಟ್ ಲೈಕಾ ಅಲ್ವಾ?" ಎಂದು ಕೇಳಿದ. ಲೈಕಾ ಎಂದರೆ ಜರ್ಮನಿಯ ಹೆಸರಾಂತ, ದುಬಾರಿ ಕ್ಯಾಮೆರಾ. ನಾನು "ಹೌದು" ಎಂದೆ. ನಡೆದದ್ದು ಇಷ್ಟೇ. ಯಾರೂ ನಗಲಿಲ್ಲ, ಯಾರೂ ಅದನ್ನು ಅವಮಾನವೆಂದು ಗಮನಿಸಲೂ ಇಲ್ಲ, ಮಾತು ಫಿಲಂ ರೋಲಿನ ಬೆಲೆಯ ಕಡೆಗೆ ಹೊರಳಿತು. ಆದರೆ ಮನೆಗೆ ಬಂದಮೇಲೆ ಆ "ಹೌದು" ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ವಾರವಿಡೀ ಚುಚ್ಚುತ್ತಲೇ ಇತ್ತು.

ಆ ಯುವಕನ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೋನಸ್ ಹಣದಲ್ಲಿ ಅಸಲಿ ಲೈಕಾ ಕೊಂಡವನು. ಐದು ನಿಮಿಷಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಅದರ ಲೆನ್ಸನ್ನು ಒರೆಸುವವನು. ನಾವು ಆರೇಳು ಜನರ ಕಾಫಿ, ಖಾಲಿ ದೋಸೆಯ ಬಿಲ್ಲನ್ನು ಯಾರಿಗೂ ತಿಳಿಯದಂತೆ ತಾನೇ ಕೊಟ್ಟು ಬಂದವನು. ಉದಾರಿಗಳು ಕೆಲವೊಮ್ಮೆ ಮಾತಿನಲ್ಲಿ ಎಚ್ಚರ ತಪ್ಪುತ್ತಾರೆ, ಅದಕ್ಕೇನು ಮಾಡುವುದು. ಹೋಟೆಲಿನಿಂದ ಹೊರಗೆ ಬಂದಾಗ ಆತ, "ನಿಮ್ಮ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿ ಎರಡೇ ಫ್ರೇಮ್ ತೆಗೀಲಾ ಸರ್?" ಎಂದು ಕೇಳಿದ. ಸ್ಕ್ರೂ ಲೆನ್ಸನ್ನು ಹೊಸ ಲೈಕಾಕ್ಕೆ ಕೂರಿಸುವ ಅಡಾಪ್ಟರ್ ಉಂಗುರ ಅವನ ಚೀಲದಲ್ಲೇ ಇತ್ತು. ನಾನು ಜುಪಿಟರ್-8 ಲೆನ್ಸನ್ನು ಬಿಚ್ಚಿ ಕೊಟ್ಟೆ. ಪ್ಲಾಸ್ಟಿಕ್ ಹಾಳೆಯ ನೆರಳಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೂವಿನ ಅಮ್ಮನನ್ನು ಕೇಳಿ, ಅವರ ಬೆರಳುಗಳ ಮೇಲೆ ಫೋಕಸ್ ಮಾಡಿ ಆತ ಎರಡು ಚಿತ್ರ ತೆಗೆದ. ಲೆನ್ಸ್ ಮರಳಿ ಬಂದ ಮೇಲೆ ನಾನೂ ಅಲ್ಲೇ ನಿಂತು ನನ್ನ ಜೋರ್ಕಿಯಲ್ಲಿ ಒಂದು ತೆಗೆದೆ.

ಗುರುವಾರ ಅವನ ಸಂದೇಶ ಬಂತು. ಚಿತ್ರದಲ್ಲಿ ಬೆರಳುಗಳು ಮಸುಕಾಗಿದ್ದವು. ಅವುಗಳ ಹಿಂದೆ ಮುಂಗೈಯಲ್ಲಿದ್ದ ಹಸಿರು ಗಾಜಿನ ಬಳೆ ಮಾತ್ರ ಗೀರು ಗೀರು ಕಾಣುವಷ್ಟು ಸ್ಪಷ್ಟವಾಗಿತ್ತು. ಕೆಳಗೆ, "ಫೋಕಸ್ ತಪ್ಪುತ್ತೆ ಸರ್. ಡೂಪ್ಲಿಕೇಟ್ ಅಂದ್ರೆ ಡೂಪ್ಲಿಕೇಟೇ" ಎಂದು ಬರೆದು ನಗುವ ಮುಖವೊಂದನ್ನು ಅಂಟಿಸಿದ್ದ.

ನಮ್ಮ ಊರಿನಲ್ಲಿ "ಡೂಪ್ಲಿಕೇಟ್" ಎಂಬ ಪದಕ್ಕೆ ಪ್ರತಿ ಎಂಬ ಅರ್ಥ ಎಂದೋ ಸವೆದುಹೋಗಿದೆ. ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ "ಒರಿಜಿನಲ್ಲೋ ಡೂಪ್ಲಿಕೇಟೋ" ಎಂದು ಕೇಳುವಾಗ ನಾವು ಕೇಳುತ್ತಿರುವುದು ಮೋಸದ ಬಗ್ಗೆ. ಮನೆಯ ಬೀಗದ ಎರಡನೆಯ ಕೀಲಿಗೂ ಡೂಪ್ಲಿಕೇಟ್ ಎನ್ನುತ್ತೇವೆ, ನಿಜ, ಆದರೆ ಆ ಕೀಲಿಯೂ ಅದೇ ಬಾಗಿಲನ್ನು ತೆರೆಯುತ್ತದೆ. ನಾನು "ಹೌದು" ಎಂದದ್ದು ಯಾವ ಅರ್ಥಕ್ಕೆ? ಹಾಗೆ ಒಪ್ಪಿಕೊಂಡದ್ದು ವಿನಯವೋ, ಹೇಡಿತನವೋ, ಅಥವಾ ನಾಲ್ಕೂವರೆ ಸಾವಿರ ರೂಪಾಯಿಯ ಕ್ಯಾಮೆರಾದವನು ಹಲವು ಲಕ್ಷದ ಕ್ಯಾಮೆರಾದವನ ಮುಂದೆ ತಾನಾಗಿಯೇ ತಗ್ಗುವ ಹಳೆಯ ಅಭ್ಯಾಸವೋ?

ಜೋರ್ಕಿ ಲೈಕಾದ ನಕಲು ಎಂಬುದು ಸುಳ್ಳಲ್ಲ. 1932ರಲ್ಲಿ ಬಂದ ಲೈಕಾ-2 ಕ್ಯಾಮೆರಾವನ್ನು ಬಿಚ್ಚಿ, ಅಳೆದು, ಅದರಂತೆಯೇ ಮಾಡಿದ ಫೆಡ್ ಕ್ಯಾಮೆರಾ 1934ರ ಹೊತ್ತಿಗೆ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಸಾಲುಸಾಲಾಗಿ ತಯಾರಾಗತೊಡಗಿತ್ತು. ಮಾಡಿದವರು ಯಾರು ಎಂಬುದು ಮುಖ್ಯ. ಕ್ರಾಂತಿ ಮತ್ತು ಅಂತರ್ಯುದ್ಧಗಳ ನಂತರ ಬೀದಿಗೆ ಬಿದ್ದಿದ್ದ ಅನಾಥ ಮಕ್ಕಳಿಗಾಗಿ 1927ರಲ್ಲಿ ಅಲ್ಲೊಂದು ಕಮ್ಯೂನ್ ಆರಂಭವಾಗಿತ್ತು. ಶಿಕ್ಷಣತಜ್ಞ ಆಂಟನ್ ಮಕರೆಂಕೊ ಅದರ ಹೊಣೆ ಹೊತ್ತಿದ್ದರು. ಆ ಮಕ್ಕಳು ಮೊದಲು ವಿದ್ಯುತ್ ಡ್ರಿಲ್ ಯಂತ್ರಗಳನ್ನು ಮಾಡಿದರು, ಆಮೇಲೆ ಕ್ಯಾಮೆರಾ. ಫೆಡ್ ಎಂಬ ಹೆಸರು ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿ ಎಂಬುದರ ಮೊದಲಕ್ಷರಗಳು. ಆತ ಸೋವಿಯತ್ ರಹಸ್ಯ ಪೊಲೀಸ್ ಪಡೆಯನ್ನು ಕಟ್ಟಿದವನು. ಅನಾಥ ಮಕ್ಕಳ ಕೈಯಿಂದ ಹೊರಬಂದ ಕ್ಯಾಮೆರಾದ ನೆತ್ತಿಯ ಮೇಲೆ ಅಂಥವನ ಹೆಸರು ಕೆತ್ತಿರುವುದು ಆ ವಸ್ತುವನ್ನು ಹಿಡಿದಾಗಲೆಲ್ಲ ನನಗೆ ಕಸಿವಿಸಿ ಉಂಟುಮಾಡುತ್ತದೆ. ಖಾರ್ಕಿವ್ ಎಂಬ ಹೆಸರು ನಮ್ಮಲ್ಲಿ ಬಹುಮಂದಿಗೆ ಪರಿಚಯವಾದದ್ದು 2022ರಲ್ಲಿ, ಅಲ್ಲಿ ವೈದ್ಯಕೀಯ ಓದುತ್ತಿದ್ದ ಕರ್ನಾಟಕದ ಮಕ್ಕಳು ಮೆಟ್ರೋ ನಿಲ್ದಾಣಗಳಲ್ಲಿ, ನೆಲಮಾಳಿಗೆಗಳಲ್ಲಿ ಅಡಗಿ ದಿನ ಕಳೆದಾಗ. ಅವರಲ್ಲೊಬ್ಬ ಜೀವಂತ ಮರಳಲಿಲ್ಲ. ಅದಕ್ಕೆ ಮುಂಚೆ ಆ ಊರಿನ ಹೆಸರನ್ನು ನಾನು ಓದಿದ್ದು ಕ್ಯಾಮೆರಾಗಳ ಕಾರಣದಿಂದ ಮಾತ್ರ.

ನನ್ನದು ಫೆಡ್ ಅಲ್ಲ, ಜೋರ್ಕಿ. ಎರಡನೆಯ ಮಹಾಯುದ್ಧದಲ್ಲಿ ಖಾರ್ಕಿವ್ ಕಾರ್ಖಾನೆ ಪೂರ್ವಕ್ಕೆ ಸ್ಥಳಾಂತರವಾಗಿ ಕೆಲಸ ಅಸ್ತವ್ಯಸ್ತವಾದ ಮೇಲೆ, ಮಾಸ್ಕೋ ಬಳಿಯ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆ 1948ರಲ್ಲಿ ಅದೇ ಕ್ಯಾಮೆರಾವನ್ನು ಈ ಹೆಸರಿನಲ್ಲಿ ತಯಾರಿಸಲು ಆರಂಭಿಸಿತು. ಜೋರ್ಕಿ ಎಂದರೆ ತೀಕ್ಷ್ಣ ದೃಷ್ಟಿಯುಳ್ಳದ್ದು. ನಾಲ್ಕನೆಯ ಮಾದರಿ 1956ರಲ್ಲಿ ಬಂತು, ಹದಿನೇಳು ವರ್ಷಗಳಲ್ಲಿ ಹದಿನೇಳು ಲಕ್ಷಕ್ಕೂ ಮೀರಿ ತಯಾರಾಯಿತು; ಹೀಗಾಗಿಯೇ ಅದು ನನ್ನಂಥವನ ಕೈಗೆ ಎಟುಕುತ್ತದೆ. ಕ್ರಮಸಂಖ್ಯೆಯ ಮೊದಲೆರಡು ಅಂಕಿ ತಯಾರಾದ ವರ್ಷವನ್ನು ಹೇಳುತ್ತವೆ. ನನ್ನದರ ಮೇಲೆ 66 ಎಂದಿದೆ, ನನಗಿಂತ ಎಂಟು ವರ್ಷ ಹಿರಿದು. ಜುಪಿಟರ್-8 ಲೆನ್ಸ್ ಕೂಡ ಎರವಲೇ: ಲುಡ್ವಿಗ್ ಬೆರ್ಟೆಲೆ ರೂಪಿಸಿದ ಜೈಸ್ ಕಂಪನಿಯ ಸೋನಾರ್ ಲೆನ್ಸಿನ ವಿನ್ಯಾಸ, ಯುದ್ಧಾನಂತರ ಜರ್ಮನಿಯಿಂದ ಪರಿಹಾರವಾಗಿ ಹೊತ್ತು ತಂದ ಯಂತ್ರ, ಗಾಜು, ತಿಳಿವಳಿಕೆಗಳ ಜೊತೆ ಬಂದದ್ದು. ಅದೇ ಜೈಸ್ ಬಳಗದ ಕಾಂಟ್ಯಾಕ್ಸ್ ಕ್ಯಾಮೆರಾವನ್ನು ತಯಾರಿಸುವ ಯಂತ್ರಗಳು ಹೀಗೆಯೇ ಕೀವ್ ನಗರ ಸೇರಿ ಕೀವ್ ಎಂಬ ಕ್ಯಾಮೆರಾ ಆದವು. ಇದನ್ನು ಕದ್ದದ್ದು ಎನ್ನಬಹುದು, ಗೆದ್ದದ್ದು ಎನ್ನಬಹುದು. ಸುಟ್ಟ ಊರುಗಳ ಲೆಕ್ಕವನ್ನು ಜೊತೆಗಿಟ್ಟರೆ ಬೇರೆ ಪದವೂ ಸಿಕ್ಕೀತು. ಜಪಾನಿನ ನಿಕಾನ್ 1948ರಲ್ಲಿ ತನ್ನ ಮೊದಲ ಕ್ಯಾಮೆರಾ ತಂದಾಗ ಅದರ ಮೈಕಟ್ಟು ಕಾಂಟ್ಯಾಕ್ಸಿನದು, ಬಟ್ಟೆಯ ಶಟರ್ ಲೈಕಾದ್ದು. ಅದನ್ನು ಡೂಪ್ಲಿಕೇಟ್ ಎಂದು ಕರೆದವರನ್ನು ನಾನಂತೂ ಕಂಡಿಲ್ಲ. ನಮ್ಮ ತಂದೆಯವರು ಜೀವನವಿಡೀ ಕೈಗೆ ಕಟ್ಟಿಕೊಂಡಿದ್ದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ. ಅದು ಒಪ್ಪಂದ, ಇದು ನಕಲು ಎಂಬ ವ್ಯತ್ಯಾಸ ದೊಡ್ಡದೇ, ಒಪ್ಪುತ್ತೇನೆ. ಆದರೂ ಆ ಗಡಿಯಾರವನ್ನು ಯಾರಾದರೂ ಡೂಪ್ಲಿಕೇಟ್ ಸಿಟಿಜನ್ ಎಂದಿದ್ದರೆ ತಂದೆಯವರು "ಹೌದು" ಎನ್ನುತ್ತಿರಲಿಲ್ಲ.

ಡೂಪ್ಲಿಕೇಟ್ ಲೈಕಾ ಎಂಬುದು ನಿಜವಾಗಿ ಬೇರೆಯೇ ಇದೆ. ಹಳೆಯ ಫೆಡ್, ಜೋರ್ಕಿಗಳ ಮೇಲಿನ ರಷ್ಯನ್ ಅಕ್ಷರಗಳನ್ನು ಉಜ್ಜಿ ತೆಗೆದು, ಲೈಕಾ ಎಂದು ಕೆತ್ತಿ, ಹಿತ್ತಾಳೆಯ ಹೊಳಪು ಕೊಟ್ಟು, ನಾತ್ಸಿ ಸೈನ್ಯದ ಹದ್ದಿನ ಗುರುತನ್ನು ಮೂಡಿಸಿ ಮಾರುವವರು ಇದ್ದಾರೆ. ಅಂಥದೊಂದನ್ನು ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮಾರುವವನು ಹೇಳಿದ ಬೆಲೆಗೆ ಆರು ಜೋರ್ಕಿ ಬರುತ್ತಿದ್ದವು. ಆ ಪಾಪದ ಕ್ಯಾಮೆರಾ ತನ್ನ ಹೆಸರಿನಲ್ಲಿ ಇರುವಷ್ಟು ದಿನ ಸುಳ್ಳಾಗಿರಲಿಲ್ಲ. ಅದಕ್ಕೆ ದೊಡ್ಡ ಮನೆತನದ ಹೆಸರಿಟ್ಟ ದಿನ ಸುಳ್ಳಾಯಿತು.

ಇನ್ನು ಆ ಬಳೆಯ ವಿಷಯ. ಲೈಕಾ, ಜೋರ್ಕಿಗಳಂಥ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದ ಕಿಟಕಿಯಲ್ಲಿ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂರಿಸುತ್ತೇವೆ, ಲೆನ್ಸು ಎಷ್ಟು ಮುಂದೆ ಸರಿದಿದೆ ಎಂಬುದನ್ನು ಒಳಗಿನ ಸನ್ನೆಕೋಲೊಂದು ಮುಟ್ಟಿ ತಿಳಿಯುತ್ತದೆ. ಲೆನ್ಸಿನ ಮೇಲೆ 50 ಮಿಲಿಮೀಟರ್ ಎಂದು ಬರೆದಿದ್ದರೂ ಲೈಕಾದವರು ಲೆಕ್ಕಕ್ಕೆ ಹಿಡಿದ ನಿಜವಾದ ನಾಭಿದೂರ 51.6 ಮಿಲಿಮೀಟರ್, ಸೋವಿಯತ್ ಲೆನ್ಸುಗಳು ಕಾಂಟ್ಯಾಕ್ಸಿನ 52.4ರ ಲೆಕ್ಕವನ್ನು ಅನುಸರಿಸುತ್ತವೆ ಎಂದು ಇವುಗಳನ್ನು ಬಿಚ್ಚಿ ಜೋಡಿಸುವವರು ಹೇಳುತ್ತಾರೆ. ದೂರದ ಬೆಟ್ಟಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ಜುಪಿಟರ್-8ರ ಅಪರ್ಚರನ್ನು, ಅಂದರೆ ಬೆಳಕಿನ ಕಿಂಡಿಯನ್ನು, ಪೂರ್ತಿ ತೆರೆದು, ಅದು ಹೋಗಬಲ್ಲ ಅತಿ ಹತ್ತಿರದ ಒಂದು ಮೀಟರಿಗೆ ಇಟ್ಟರೆ, ಲೈಕಾದ ಸನ್ನೆಕೋಲು ಒಂದು ಅರ್ಥ ಮಾಡಿಕೊಳ್ಳುತ್ತದೆ, ಲೆನ್ಸು ಮತ್ತೊಂದನ್ನು ಹೇಳಿರುತ್ತದೆ. ಲೆಕ್ಕ ಹಾಕಿದರೆ ವ್ಯತ್ಯಾಸ ಸುಮಾರು 3 ಸೆಂಟಿಮೀಟರ್, ಹಿಂದಕ್ಕೆ. ಬೆರಳಿನಿಂದ ಬಳೆಗೆ ಜಾರಲು ಅಷ್ಟು ಸಾಕು. ಯುದ್ಧಪೂರ್ವದ ಫೆಡ್‌ಗಳಲ್ಲಂತೂ ಲೆನ್ಸನ್ನು ಆಯಾ ಕ್ಯಾಮೆರಾಕ್ಕೇ ಹೊಂದಿಸಿ ಕಳುಹಿಸುತ್ತಿದ್ದರು. ಒಂದರ ಲೆನ್ಸು ಇನ್ನೊಂದರ ಮೇಲೆ ಸರಿಯಾಗಿ ಕೂರುವ ಭರವಸೆ ಇರಲಿಲ್ಲ. ಅಂದರೆ ಆತ ತೋರಿಸಿಕೊಟ್ಟದ್ದು ಆತ ಅಂದುಕೊಂಡದ್ದಕ್ಕೆ ತದ್ವಿರುದ್ಧ: ಇದು ಲೈಕಾದ ಲೆನ್ಸಲ್ಲ, ಲೈಕಾದಂತೆ ನಟಿಸುವುದೂ ಇಲ್ಲ.

ಇದನ್ನೆಲ್ಲ ಬರೆದು ಕಳುಹಿಸಬೇಕೆಂದು ಗುರುವಾರ ರಾತ್ರಿ ಮೂರು ಸಲ ಆರಂಭಿಸಿ ಮೂರು ಸಲವೂ ಅಳಿಸಿದೆ. ನನ್ನ ರೋಲು ಇನ್ನೂ ಡೆವಲಪ್ ಆಗಿರಲಿಲ್ಲ ಎಂಬ ಅಳುಕೂ ಇತ್ತು. ಏಕೆಂದರೆ ಜೋರ್ಕಿಯನ್ನು ಹೊಗಳುವವನು ಅದರ ಕಾಟಗಳನ್ನೂ ಹೇಳಬೇಕು. ಶಟರಿಗೆ ಕೀಲಿ ಕೊಡುವ ಮುನ್ನ ವೇಗದ ಗುಂಡಿಯನ್ನು ತಿರುಗಿಸಿದರೆ ಒಳಗಿನ ಯಂತ್ರ ಕೆಡುತ್ತದೆ. ಮೊದಲು ಕೀಲಿ, ಆಮೇಲೆ ವೇಗ, ಈ ಕ್ರಮವನ್ನು ಸಂಧ್ಯಾವಂದನೆಯಂತೆ ಪಾಲಿಸಬೇಕು. ಬೆಳಕಿನ ಮಾಪಕವಿಲ್ಲ, ಆಕಾಶ ನೋಡಿ ಅಂದಾಜು ಮಾಡಬೇಕು. ಅಪರ್ಚರ್ ಉಂಗುರ ಎಲ್ಲಿಯೂ ಟಿಕ್ ಎಂದು ನಿಲ್ಲುವುದಿಲ್ಲ, ಜೇಬಿಗೆ ಉಜ್ಜಿದರೂ ಸರಿಯುತ್ತದೆ. ರೋಲು ಹಾಕಲು ಹಿಂಭಾಗವನ್ನೇ ಪೂರ್ತಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ನನ್ನ ಕ್ಯಾಮೆರಾದ ಒಳಗೆ ಅರ್ಧ ಶತಮಾನದ ಗ್ರೀಸು ಅಂಟಾಗಿ ಒಂದು ಸೆಕೆಂಡಿನ ವೇಗ ಮೂರು ಸೆಕೆಂಡು ಎಳೆಯುತ್ತಿದ್ದಾಗ ಬಿಚ್ಚಿ ತೊಳೆದುಕೊಟ್ಟ ಮುದುಕ ಮೆಕ್ಯಾನಿಕ್, "ಮಾಡಿದವನಿಗೆ ಅವಸರ ಇತ್ತು, ಆದ್ರೆ ರಿಪೇರಿ ಮಾಡೋನನ್ನ ಮರೆತಿಲ್ಲ" ಎಂದಿದ್ದರು. ಸ್ಕ್ರೂಡ್ರೈವರಿಗೆ ಸಿಗದ ಭಾಗ ಅದರಲ್ಲಿ ಇಲ್ಲ. ಸೋವಿಯತ್ ಕ್ಯಾಮೆರಾಗಳ ಬಗ್ಗೆ ಇದಕ್ಕಿಂತ ನ್ಯಾಯವಾದ ಮಾತನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ.

ಶುಕ್ರವಾರ ರಾತ್ರಿ ಬಚ್ಚಲುಮನೆಯಲ್ಲಿ ರೋಲನ್ನು ತೊಳೆದು ನೇತುಹಾಕಿದೆ. ಹೂವಿನ ಅಮ್ಮನ ಫ್ರೇಮು ಸಿಕ್ಕಿತು. ನೂಲಿನ ಗಂಟನ್ನು ಬಿಗಿಯುತ್ತಿರುವ ಬೆರಳುಗಳು, ಉಗುರಿನ ಅಂಚಿನ ಬಿರುಕಿನ ಸಹಿತ ನಿಚ್ಚಳವಾಗಿದ್ದವು. ಬಳೆ ಹಿಂದೆ ಮೆತ್ತಗೆ ಕರಗಿತ್ತು. ಅದೇ ಲೆನ್ಸು, ಅದೇ ಒಂದು ಮೀಟರು. ಆದರೆ ಬುಟ್ಟಿಯ ಪಕ್ಕದಲ್ಲಿ, ಕೆಳಗಿನ ಮೂಲೆಯಲ್ಲಿ, ದುಂಡಗಿನ ಬಿಳಿ ಚುಕ್ಕೆಯೊಂದಿತ್ತು. ಬುಟ್ಟಿಯಿಂದ ಉದುರಿದ ಮೊಗ್ಗೆಂದು ಒಂದು ಕ್ಷಣ ಸಂತೋಷಪಟ್ಟೆ. ಹಿಂದಿನ ಫ್ರೇಮಿನಲ್ಲಿ ಕಹಳೆ ಬಂಡೆ ಉದ್ಯಾನದ ಬಂಡೆಯ ಮೇಲೂ ಅದೇ ಜಾಗದಲ್ಲಿ ಅದೇ ಮೊಗ್ಗು ಅರಳಿತ್ತು. ಈ ಬಗೆಯ ಕ್ಯಾಮೆರಾದಲ್ಲಿ ಲೆನ್ಸಿಗೂ ಶಟರಿಗೂ ನಡುವೆ ಕನ್ನಡಿ ಇರುವುದಿಲ್ಲ. ಮುಚ್ಚಳ ಹಾಕದೆ ಬಿಸಿಲಿಗೆ ಮುಖಮಾಡಿ ಇಟ್ಟರೆ ಭೂತಗನ್ನಡಿ ಕಾಗದವನ್ನು ಸುಡುವಂತೆ ಲೆನ್ಸು ಶಟರಿನ ಬಟ್ಟೆಯನ್ನು ಸುಡುತ್ತದೆ. ಮುಚ್ಚಳವನ್ನು ನಾನು ಕಳೆದುಕೊಂಡು ತಿಂಗಳಾಗಿತ್ತು. ಹಿಂದಿನ ವಾರ ತಾರಸಿಯ ಕಟ್ಟೆಯ ಮೇಲೆ ಕ್ಯಾಮೆರಾ ಇಟ್ಟು ಕೆಳಗೆ ಹೋಗಿ ಪೇಪರ್ ಓದಿದ್ದೂ ನೆನಪಾಯಿತು. ಅರವತ್ತು ವರ್ಷ ತೂತಿಲ್ಲದೆ ಬಾಳಿದ ಬಟ್ಟೆಗೆ ಹತ್ತು ನಿಮಿಷದಲ್ಲಿ ತೂತು ಮಾಡಿದವನು ನಾನು, ಕ್ರಾಸ್ನೋಗೋರ್ಸ್ಕಿನವರನ್ನು ದೂರುವಂತಿಲ್ಲ.

ಚುಕ್ಕೆಯನ್ನು ಕಂಪ್ಯೂಟರಿನಲ್ಲಿ ಅಳಿಸಬಹುದಿತ್ತು. ಅಳಿಸದೆ, ಒಂದು ಪದವನ್ನೂ ಬರೆಯದೆ, ಆ ಚಿತ್ರವನ್ನು ಹಾಗೆಯೇ ಅವನಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಇದೂ ಅದೇ ಲೆನ್ಸಾ ಸರ್?"

"ಹೌದು" ಎಂದು ಬರೆದೆ.

ಆತ ಚುಕ್ಕೆಯ ಬಗ್ಗೆ ಏನೂ ಕೇಳಲಿಲ್ಲ. ಅವನೂ ಅದನ್ನು ಮೊಗ್ಗೆಂದೇ ತಿಳಿದಿರಬೇಕು. ಈ ಭಾನುವಾರ ಜೋರ್ಕಿಯಲ್ಲಿ ಒಂದು ರೋಲು ಹೊಡೆಯಲು ಕೊಡುವಿರಾ ಎಂದು ಕೇಳಿದ್ದಾನೆ. ಶಟರಿನ ಬಟ್ಟೆಗೆ ಕಪ್ಪು ಬಣ್ಣ ಹಚ್ಚಿ ಒಣಗಲು ಬಿಟ್ಟಿದ್ದೇನೆ, ಮುಂದಿನ ವಾರ ಕೊಡುತ್ತೇನೆ, ಆದರೆ ಮೊದಲು ಕೀಲಿ, ಆಮೇಲೆ ವೇಗ ಎಂಬುದನ್ನು ನೆನಪಿಟ್ಟುಕೊಳ್ಳಿ ಎಂದು ಬರೆದೆ. ಹೆಬ್ಬೆರಳಿನ ಗುರುತು ಬಂದಿದೆ. ಪೂರ್ತಿ ಓದಿ ಒತ್ತಿದನೋ, ಸುಮ್ಮನೆ ಒತ್ತಿದನೋ ತಿಳಿಯಲಿಲ್ಲವಾದ್ದರಿಂದ ಅದನ್ನೇ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಮೆರಾದ ಚರ್ಮದ ಚೀಲದೊಳಗೆ ಅಂಟಿಸಿದ್ದೇನೆ.